ನಿವಾಸಿ, ಪ್ರವಾಸಿ, ನಮ್ಮಾಕಿ

ನನಗೊಂದು ಹೊಟ್ಟೆಕಿಚ್ಚಿದೆ, ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ಪಕ್ಕದ ಮನೆಯ ಸಬಿತಾಳ ಸೀರೆಯ ಮೇಲಲ್ಲ, ಫ್ರಿಜ್ಜಿನ ಮೇಲಲ್ಲ. ಓಣಿಯ ಜನ ಅವಳಿಗೆ ಕೊಟ್ಟ ಒಂದು ಪದದ ಮೇಲೆ.

ನಾನು ಮದುವೆಯಾಗಿ ಸಂಡೂರಿನಿಂದ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಟಿ.ಬಿ. ಡ್ಯಾಂ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಓಣಿಯಲ್ಲಿ ನಾನು ಇವತ್ತಿಗೂ ‘ಸಂಡೂರು ಟೀಚರ್’. ತವರಿಗೆ ಹೋದರೆ ತಮ್ಮನ ಮಕ್ಕಳು, “ಹೊಸಪೇಟಿ ಅತ್ತಿ ಬಂದ್ಲು” ಎಂದು ಕೂಗುತ್ತಾರೆ. ಹೀಗೆ ನಾನು ಯಾವಾಗಲೂ ನಾನಿಲ್ಲದ ಊರಿನವಳೇ. ಸಬಿತಾ ಗಂಡನ ಕಾರ್ಖಾನೆ ಕೆಲಸಕ್ಕೆಂದು ಒಡಿಶಾದಿಂದ ಬಂದು ಬರೀ ನಾಲ್ಕು ವರ್ಷ.

ಹೋದ ತಿಂಗಳು ಓಣಿಯ ನಲ್ಲಿಗೆ ನೀರು ಸರಿಯಾಗಿ ಬಿಡಿ ಎಂದು ಅರ್ಜಿ ಬರೆಯಲು ನನ್ನನ್ನು ಕರೆದರು. ಚೆಂದದ ಅಕ್ಷರದಲ್ಲಿ ಬರೆದು, ಕೊನೆಗೆ ‘ಇಂತಿ, ಓಣಿಯ ನಿವಾಸಿಗಳು’ ಎಂದೆ. ಎದುರುಮನೆಯ ಗಂಗಮ್ಮ ಕೇಳಿದರು, “ನಿವಾಸಿ ಅಂದ್ರ ಯಾರ್ರಿ ಟೀಚರ್?”

ಕೇಳಬಾರದಿತ್ತು. ‘ವಸ್’ ಅಂದರೆ ನೆಲೆಸುವುದು, ‘ನಿ’ ಸೇರಿದರೆ ನಿವಾಸಿ, ‘ಪ್ರ’ ಸೇರಿದರೆ ಪ್ರವಾಸಿ ಎಂದು ಪಾಠವನ್ನೇ ಶುರುಮಾಡಿದೆ. ಹಂಪಿಯ ಬಿಸಿಲಲ್ಲಿ ಬೇಯುವವನಿಗೂ ಅವನಿಗೆ ಎಳನೀರು ಕೆತ್ತಿಕೊಡುವವನಿಗೂ ಧಾತು ಒಂದೇ! ಕನ್ನಡದ್ದೇ ಬೇಕೆಂದರೆ ‘ಒಕ್ಕಲು’ ಇದೆ. ಮನೆ ಮಾಡಿಕೊಂಡಿರುವವರೂ ಒಕ್ಕಲೇ, ಹತ್ತಿರದ ಮೆಟ್ರಿ ಹಳ್ಳಿಯ ಗದ್ದೆಯಲ್ಲಿ ದುಡಿಯುವವರೂ ಒಕ್ಕಲೇ. ವಿರುದ್ಧ ಪದಗಳು ವಲಸಿಗ, ಪರಸ್ಥಳದವ, ಪರದೇಶಿ. ನಮ್ಮ ಭಾಷೆ ಎಷ್ಟು ನಿಷ್ಠುರ ನೋಡಿ, ಬೇರೆ ದೇಶದವನನ್ನು ಕರೆಯುವ ಪದದಿಂದಲೇ ದಿಕ್ಕಿಲ್ಲದವನನ್ನೂ ಕರೆಯುತ್ತದೆ.

ಗಂಗಮ್ಮ ಆಕಳಿಸಿದರು. “ಅದೆಲ್ಲ ಬ್ಯಾಡ್ರಿ. ಓಣಿಯೋರು ಅಂತ ಬರೀರಿ. ಮೊದ್ಲ ಸಹಿ ಸಬಿತಾಂದು ಇರ್ಲಿ. ಆಕಿ ನಮ್ಮಾಕಿ.”

ನಮ್ಮಾಕಿ! ಯಾವ ನಿಘಂಟಿನವರಿಗೂ ಹೊಳೆಯದ ಸಮಾನಾರ್ಥಕ ಪದ. “ಮತ್ತ ನಾನು?” ಎಂದು ಕೇಳಿಯೇಬಿಟ್ಟೆ.

“ನೀವು ಭಾಳ ಒಳ್ಳೇರ್ರಿ. ಆದ್ರ ನಮ್ಮ ಸೊಸಿಗೆ ಮಧ್ಯಾನ ಬ್ಯಾನಿ ಬಂದಾಗ ಆಟೋದಾಗ ಕುಂದ್ರಿಸ್ಕೊಂಡು ದವಾಖಾನಿಗೆ ಒಯ್ದಾಕಿ ಆಕಿ. ನೀವು ಸಾಲ್ಯಾಗ ಇರ್ತೀರಿ. ಬಂದ ಮ್ಯಾಲ ಬಾಗ್ಲ ಹಾಕ್ಕೊಂಡು ಪೇಪರ್ ತಿದ್ದತೀರಿ.”

ಮಾತು ನಿಜವಾಗಿತ್ತು. ಅದಕ್ಕೇ ಉರಿ ಇನ್ನಷ್ಟು ಹೆಚ್ಚಿತು. ಭಾನುವಾರ ಹಟ ಹಿಡಿದು, ಮನೆಯ ತೊಟ್ಟಿ ತುಂಬಿದ್ದರೂ ಕೊಡ ಹೊತ್ತು ಓಣಿಯ ನಲ್ಲಿಗೆ ಹೋದೆ. ಕಂಡೊಡನೆ ಹೆಂಗಸರೆಲ್ಲ ಹಿಂದೆ ಸರಿದರು. “ಟೀಚರ್ರು ಮೊದ್ಲ ಹಿಡೀಲಿ!”

ನಿವಾಸಿಗೆ ನಿಜವಾದ ವಿರುದ್ಧ ಪದ ಅತಿಥಿ ಎಂದು ನನಗೆ ಹೊಳೆದದ್ದು ಆಗಲೇ. ಗೌರವ ಕೊಟ್ಟು ಬೇಗ ಕಳಿಸಿಕೊಡುವುದು ಅವರನ್ನು ಮಾತ್ರ. ಪೆಚ್ಚಾಗಿ ಕೊಡ ಇಡಲು ಬಗ್ಗಿದೆ. ಅಷ್ಟರಲ್ಲಿ ಸಬಿತಾ, ಬಹುವಚನವನ್ನು ಇನ್ನೂ ಕಲಿಯದ ತನ್ನ ಕನ್ನಡದಲ್ಲಿ, “ಏ ಅಕ್ಕಾ, ಪಾಳಿ ಐತಿ! ಹಿಂದ ಹೋಗು!” ಎಂದಳು.

ಗಂಗಮ್ಮ ನಾಲಿಗೆ ಕಚ್ಚಿಕೊಂಡರು. ನನಗೋ ನಗು ತಡೆಯಲಾಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಓಣಿ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕೊಡ ಎತ್ತಿಕೊಂಡು ಒಂಬತ್ತು ಜನರ ಹಿಂದೆ ಹೋಗಿ ನಿಂತೆ. ಸಬಿತಾ ಎರಡನೆಯವಳು, ಅದಕ್ಕೂ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಯಾರದೋ ಕೊಡ ಬೆನ್ನಿಗೆ ತಾಗಿತು.

“ಮುಂದ ಸರಿ ಬೇ,” ಎಂದಿತು ಹಿಂದಿನ ದನಿ, ನಾನು ಯಾರೆಂದು ನೋಡದೆ.

ಸರಿದೆ.