ಹುಸೇನ್ ಒಡೆಯದ ಕಾಗದಗಳು

ಶಾಹಿದಾ, ನಾನು ನಿನಗೆ ಹೇಳಿದ್ದು ಸುಳ್ಳು. ನನ್ನ ಮೊದಲ ಕಾದಂಬರಿಯಲ್ಲಿ ದ್ವೀಪದ ಕೂಲಿಗಳ ಕಾಗದ ಕದ್ದು ಓದಿ ಮ್ಯಾನೇಜರನಿಗೆ ಸುದ್ದಿ ಮುಟ್ಟಿಸುವ ಗೂಢಚಾರ, ಆ ಟಪಾಲಿನವನು—ನಿನ್ನ ಅಪ್ಪನೇ. ಆದರೆ ನಿನ್ನ ಅಪ್ಪ ಹುಸೇನ್ ಯಾರ ಕಾಗದವನ್ನೂ ಒಡೆದವರಲ್ಲ.

ಹೋದ ತಿಂಗಳು ಡೌನರ್ಸ್ ಗ್ರೋವ್‌ನ ಲೈಬ್ರರಿಯಲ್ಲಿ ನನ್ನ ಪುಸ್ತಕದ ಮಾತುಕತೆ ಮುಗಿದ ಮೇಲೆ ನೀನು ಸಾಲಿನಲ್ಲಿ ನಿಂತು ಬಂದೆ. ನಾವು ಅಗಲಿ ಐವತ್ತು ವರ್ಷ—ನೀನೇ ಹೆಸರು ಹೇಳುವವರೆಗೆ ನನಗೆ ಗುರುತು ಸಿಗಲಿಲ್ಲ.

"ನಳಿನಿ, ಆ ಟಪಾಲಿನವನು ನಮ್ಮ ಅಬ್ಬಾನಾ?"

"ಅಯ್ಯೋ, ಇಲ್ಲ ಕಣೇ. ಎಲ್ಲಾ ಇಮ್ಯಾಜಿನೇಶನ್!" ಎಂದು ನಕ್ಕೆ. ಹೌದು, ನಕ್ಕೆ. ನೀನು ಸಹಿ ಹಾಕಿಸಿಕೊಳ್ಳದೆ ಪುಸ್ತಕ ಎತ್ತಿಕೊಂಡು ಹೋದೆ.

ದ್ವೀಪದ ನಮ್ಮ ಮನೆ ನಿನಗೆ ನೆನಪಿರಬೇಕು. ಕಂಬಗಳ ಮೇಲೆ ನಿಂತ ತಗಡಿನ ಮನೆ. ಮುಂದೆ ತೆಂಗಿನ ತೋಟದ ಕಂಪನಿಯ ಆಫೀಸು, ಹಿಂದೆ ನಮ್ಮ ಅಡುಗೆಮನೆ. ನನ್ನ ಅಪ್ಪ ಅಲ್ಲಿ ಗುಮಾಸ್ತ. ಹದಿನೈದು ದಿನಕ್ಕೊಮ್ಮೆ ಹಡಗು. ಜೆಟ್ಟಿಯಿಂದ ಕಾಗದದ ಚೀಲವನ್ನು ನಿನ್ನ ಅಪ್ಪ ಹೆಗಲ ಮೇಲೆ ಹೊತ್ತು ತಂದು ನಮ್ಮಲ್ಲಿ ಇಳಿಸುತ್ತಿದ್ದರು, ಮರುದಿನ ಕೂಲಿಗಳಿಗೆ ಹಂಚುತ್ತಿದ್ದರು. ನಡುವೆ ಒಂದು ಮಧ್ಯಾಹ್ನ ಇರುತ್ತಿತ್ತಲ್ಲ—ಆಗ ಅಪ್ಪ ನನ್ನನ್ನು ಒಲೆಯ ಬಳಿ ಕರೆಯುತ್ತಿದ್ದರು. ನನ್ನ ಬೆರಳು ಸಣ್ಣವು, ಲಕೋಟೆ ಹರಿಯುತ್ತಿರಲಿಲ್ಲ. ನಾನು ಹಬೆಗೆ ಹಿಡಿದು ಅಂಟು ಬಿಡಿಸುತ್ತಿದ್ದೆ, ಅವರು ಓದುತ್ತಿದ್ದರು, ಸಂಘ ಕಟ್ಟಲು ಹೊರಟವರ ಹೆಸರು ಬರೆದುಕೊಂಡು ಮತ್ತೆ ಅಂಟಿಸುತ್ತಿದ್ದರು. ಅದು ಮ್ಯಾನೇಜರನ ಅಪ್ಪಣೆ.

ಒಮ್ಮೆ ಅಂಟು ಸರಿಯಾಗಿ ಹಿಡಿಯಲಿಲ್ಲ. ಕೂಲಿಗಳು ನಿನ್ನ ಅಪ್ಪನನ್ನು ಸುತ್ತುವರಿದು ನಮ್ಮ ಮನೆಯ ಮುಂದೆಯೇ ತಂದು ನಿಲ್ಲಿಸಿದರು. ಅಪ್ಪ ಜಗಲಿಯಿಂದ ಒಂದೇ ಮಾತು ಹೇಳಿದರು: "ಚೀಲ ತರೋನು ಅವನೇ ಅಲ್ವೇನ್ರಪ್ಪಾ?"

ಮುಂದಿನ ಹಡಗಿಗೆ ನಿಮ್ಮ ಮನೆಯವರನ್ನೆಲ್ಲ ಹತ್ತಿಸಿ ದ್ವೀಪದಿಂದ ಕಳಿಸಿದರು. ನೀನು ನನ್ನತ್ತ ಕೈ ಬೀಸಿದೆ. ನಾನು—

ಹತ್ತು ವರ್ಷದ ಹುಡುಗಿ ಏನು ಮಾಡಿಯಾಳು ಎಂದು ಯಾರೂ ಹೇಳಬೇಕಾಗಿಲ್ಲ. ಕಾದಂಬರಿ ಬರೆದಾಗ ನನಗೆ ನಲವತ್ತು. ದೂರದೇಶದ ಈ ಸೌತ್‌ಫೀಲ್ಡ್‌ನಲ್ಲಿ ಕುಳಿತು ಗೂಢಚಾರರ ಒಳಗುದಿ ಇಷ್ಟು ನಿಖರವಾಗಿ ಹೇಗೆ ಬರೆಯುತ್ತೀರಿ ಎಂದು ಓದುಗರು ಕೇಳುತ್ತಾರೆ. ಆ ಮನೆ ಕಲಿಸಿತು. ನನ್ನ ಏಳು ಕಾದಂಬರಿಗಳಲ್ಲೂ ಅದೇ ಅಡುಗೆಮನೆ, ಬಾಗಿಲಾಚೆಯ ಹೆಜ್ಜೆಗೆ ಕಿವಿಗೊಟ್ಟು ನಿಂತ ಅದೇ ಹುಡುಗಿ. ಅಪ್ಪನನ್ನು ಮಾತ್ರ ಬರೆಯಲಾಗಲಿಲ್ಲ. ಕಥೆಗೆ ದ್ರೋಹಿಯೊಬ್ಬ ಬೇಕಿತ್ತು—ಮತ್ತೆ ನಿನ್ನ ಅಪ್ಪನನ್ನೇ ಹಿಡಿದು ನಿಲ್ಲಿಸಿದೆ.

ಈಗ ಆ ಪುಸ್ತಕ ಮರುಮುದ್ರಣವಾಗುತ್ತಿದೆ. ನಡೆದದ್ದನ್ನೆಲ್ಲ ಹೇಳುವ ಮುನ್ನುಡಿಯನ್ನು ಅದಕ್ಕೆ ಬರೆದು ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ಅಣ್ಣನಿಗೆ ಓದಿ ಹೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟ.

"ಸತ್ತೋರ ಮರ್ಯಾದೆ ಯಾಕೆ ತೆಗೀತೀಯ? ನನ್ನ ಮಕ್ಕಳು ತಾತನ ಫೋಟೋ ಹಾಲ್‌ನಲ್ಲಿ ಹಾಕ್ಕೊಂಡಿದಾರೆ. ಯಾರಿಗೆ ಗೊತ್ತಾಗತ್ತೆ?"

"ಹುಸೇನ್ ಅವರೂ ಸತ್ತಿದಾರೆ, ಅಣ್ಣ. ಅವರ ಮರ್ಯಾದೆ?"

"ಹಾಗಾದ್ರೆ ನಮ್ಮನೆಗೆ ಬರಬೇಡ."

ಹೋಗುವುದಿಲ್ಲ. ಅಪ್ಪನನ್ನು ಪ್ರೀತಿಸುತ್ತಿದ್ದೆ, ಈಗಲೂ—ಅದು ಬೇರೆ. ಆ ಪ್ರೀತಿಯ ಬೆಲೆಯನ್ನು ಇನ್ನೊಬ್ಬರ ಅಪ್ಪ ತೆರುವುದು ಸಾಕು. ಈ ಊರ ಕನ್ನಡಿಗರು ಬೆನ್ನ ಹಿಂದೆ ಆಡಿಕೊಳ್ಳಲಿ, ಪ್ರಕಾಶಕರು ಬೇಡವೆನ್ನಲಿ, ನಾನೇ ಅಚ್ಚು ಹಾಕಿಸುತ್ತೇನೆ. ನಿನ್ನ ಕ್ಷಮೆಯನ್ನೂ ಕೇಳುತ್ತಿಲ್ಲ, ಶಾಹಿದಾ. ಅದನ್ನು ಕೇಳುವ ಹಕ್ಕು ನನಗಿಲ್ಲ.

ನಿನ್ನೆ ಅಣ್ಣ ಫೋನ್ ಮಾಡಿ, ಮುನ್ನುಡಿಯ ಮೊದಲ ಎರಡು ವಾಕ್ಯಗಳನ್ನಾದರೂ ತೆಗೆ ಎಂದ. ತೆಗೆಯಲಿಲ್ಲ. ಅವು ಹೀಗಿವೆ: "ಕಾಗದಗಳನ್ನು ಒಡೆದವರು ನನ್ನ ತಂದೆ. ಹಬೆಗೆ ಹಿಡಿದವಳು ನಾನು."