ಬಾವಿಕಟ್ಟೆಯ ಟಿಕ್ ಟಿಕ್

ಕಾರ್ತ್ಯಾಯನಿಗೆ ಕಿವಿ ಕೇಳಿಸುವುದಿಲ್ಲ ಎಂದು ಪದ್ಮಪ್ಪ ಪೂರ್ತಿ ಎರಡು ವರ್ಷ ನಂಬಿದ್ದರು. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಪದ್ಮಪ್ಪ ಸುಮ್ಮನಿರುವವರ ಪೈಕಿ ಅಲ್ಲ. ಸುಲ್ತಾನ್ ಬತ್ತೇರಿಯಿಂದ ನೂಲ್ಪುಳದ ಕಡೆ ಹೋಗುವ ದಾರಿಯಲ್ಲಿ ಒಂಬತ್ತು ಎಕರೆ ಕಾಫಿ, ಒಂದು ಹಳೆಯ ಜೀಪು, ಎರಡು ಸಂಘಗಳ ಅಧ್ಯಕ್ಷಗಿರಿ, ಇಷ್ಟು ಅವರ ಆಸ್ತಿ. ಗೊತ್ತಿದ್ದದ್ದನ್ನು ಊರಿಗೆಲ್ಲ ಹಂಚುತ್ತಿದ್ದರು. ಗೊತ್ತಿಲ್ಲದ್ದನ್ನು ಇನ್ನೂ ಧಾರಾಳವಾಗಿ ಹಂಚುತ್ತಿದ್ದರು.

ಆ ನಂಬಿಕೆ ಹುಟ್ಟಿದ್ದು ಪಕ್ಕದ ತೋಟದ ಬಾವಿಯ ಬಳಿ. ಹೂಳು ತೆಗೆಯಲು ನೂಲ್ಪುಳದ ದಿವಾಕರನ್ ಒಳಗಿಳಿದಿದ್ದ. ಮೇಲೆ ಅವನ ಹೆಂಡತಿ ಕಾರ್ತ್ಯಾಯನಿ, ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟು, ಕಬ್ಬಿಣದ ಚೌಕಟ್ಟಿನ ರಾಟೆಯ ಹಿಡಿ ತಿರುಗಿಸುತ್ತಿದ್ದಳು. ಬಕೆಟ್ಟಿನಲ್ಲಿ ಕೆಸರು ಮೇಲೇರುತ್ತಿತ್ತು. ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಎಷ್ಟು ಆಳ ಆಯ್ತಮ್ಮ?" ಎಂದು ಪದ್ಮಪ್ಪ ಕೇಳಿದರು. ಆಕೆ ತಿರುಗಲಿಲ್ಲ. ಎರಡನೆಯ ಸಲ ಸ್ವಲ್ಪ ಜೋರಾಗಿ ಕೇಳಿದರು. ಮೂರನೆಯ ಸಲ ಸಂಘದ ವಾರ್ಷಿಕ ಸಭೆಯಲ್ಲಿ ಮೈಕು ಕೆಟ್ಟಾಗ ಬಳಸುವ ದನಿಯಲ್ಲಿ ಕೇಳಿದರು. ಮರದ ಮೇಲಿದ್ದ ಎರಡು ಕೋತಿಗಳು ಜಾಗ ಖಾಲಿ ಮಾಡಿದವು. ಕಾರ್ತ್ಯಾಯನಿ ಮಾತ್ರ ಹಿಡಿ ತಿರುಗಿಸುತ್ತಲೇ ಇದ್ದಳು.

ಪದ್ಮಪ್ಪನವರ ಕಣ್ಣು ಒದ್ದೆಯಾಯಿತು. ಅಂದಿನಿಂದ ಆಕೆ ಎದುರಾದಾಗಲೆಲ್ಲ ಕೈಸನ್ನೆಯಲ್ಲೇ ಕ್ಷೇಮ ವಿಚಾರಿಸುತ್ತಿದ್ದರು. ಆಕೆಯೂ, ಗೌಡರಿಗೆ ಗಂಟಲಿನದೇನೋ ತೊಂದರೆ ಇರಬೇಕೆಂದು ಮರುಕಪಟ್ಟು ಕೈಸನ್ನೆಯಲ್ಲೇ ಉತ್ತರಿಸುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಕೊನೆಗೆ ಸಂಘದ ವತಿಯಿಂದ ಉಚಿತ ಶ್ರವಣಯಂತ್ರ ವಿತರಣೆ ನಡೆಸುವುದೆಂದು ತೀರ್ಮಾನವಾಗಿ, ಮೊದಲ ಅರ್ಜಿಯನ್ನು ಪದ್ಮಪ್ಪ ತಾವೇ ತುಂಬಿ ಆಕೆಯ ಮನೆಗೆ ಕಳಿಸಿದರು. ವೇದಿಕೆಯ ಮೇಲೆ ಯಾವ ಕಡೆಯಿಂದ ಫೋಟೊ ತೆಗೆಯಬೇಕೆಂಬುದೂ ಗೊತ್ತಾಗಿತ್ತು.

ಮರುದಿನ ಕಾರ್ತ್ಯಾಯನಿ ಅರ್ಜಿ ಹಿಡಿದುಕೊಂಡು ಜಗಲಿಗೆ ಬಂದಳು.

"ಗೌಡ್ರೆ, ನಂಗೆ ಕಿವಿ ಶರಿ ಉಂಟು. ಬಾವಿ ಕೆಲಸದ ಪಣಿ ಮಾಡುವಾಗ ಮಾತ್ರ ನಿಮ್ಮ ಮಾತು ಕೇಳಲ್ಲ."

"ಯಾಕಮ್ಮ?"

"ಗಂಡ ಬಾವಿಯೊಳಗೆ ಇರ್ತಾನೆ. ಮಷೀನ್ ಏನು ಹೇಳ್ತದೆ ಅಂತ ಕೇಳ್ತಾ ಇರ್ತೀನಿ."

ಒಳಗಿನಿಂದ ಪದ್ಮಪ್ಪನವರ ಹೆಂಡತಿ ಸುಶೀಲ ನಕ್ಕದ್ದು ಜಗಲಿಯವರೆಗೂ ಕೇಳಿಸಿತು. "ನಿಮಗೆ ಅರ್ಜಿ ಬೇಕಾದ್ರೆ ಇನ್ನೊಂದು ತುಂಬಿ ರೀ, ನಿಮ್ಮ ಹೆಸರಲ್ಲಿ," ಎಂದರು. ಮೂವತ್ತು ವರ್ಷದ ಸಂಸಾರ. ತಾವು ಹೇಳಿದ್ದು ಗಂಡನ ಕಿವಿಗೆ ಬಿದ್ದಿಲ್ಲವೆಂಬ ದೂರಿಗೆ ಸಾಕಷ್ಟು ಪುರಾವೆಯಿತ್ತು.

ಅವಮಾನಕ್ಕಿಂತ ಕುತೂಹಲವೇ ಪದ್ಮಪ್ಪನವರನ್ನು ಹೆಚ್ಚು ಕಾಡಿತು. ಕಬ್ಬಿಣ ಹೇಳುವುದು ಏನು? ಅದನ್ನು ಅಷ್ಟು ಶ್ರದ್ಧೆಯಿಂದ ಕೇಳುವುದು ಏತಕ್ಕೆ? ಮಾರ್ಚ್ ತಿಂಗಳು ಬಂದು ತಮ್ಮ ಬಾವಿಯ ನೀರು ಕದಡಿದ ಕೂಡಲೇ ದಿವಾಕರನಿಗೆ ಹೇಳಿ ಕಳಿಸಿದರು. ನಲವತ್ತಡಿ ಬಾವಿ, ಮೂರು ದಿನದ ಕೆಲಸ. ದಿವಾಕರನ್, ಕಾರ್ತ್ಯಾಯನಿ, ಹಿಡಿಯ ಇನ್ನೊಂದು ತುದಿ ತಿರುಗಿಸಲು ದಿವಾಕರನ ತಂಗಿ ಲತಿಕ, ಮೂವರೂ ರಾಟೆಯೊಂದಿಗೆ ಬಂದಿಳಿದರು. ಪದ್ಮಪ್ಪ ಬಾವಿಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು.

ಮೊದಲ ದಿನ ಹತ್ತು ಗಂಟೆಯ ಚಾಯದ ಹೊತ್ತಿಗೆ ದಿವಾಕರನ್ ಹಗ್ಗದ ಏಣಿ ಹತ್ತಿ ಮೇಲೆ ಬಂದ. ಗಂಡ ನೆಲ ಮುಟ್ಟಿದ ಮೇಲೆ ಕಾರ್ತ್ಯಾಯನಿಗೆ ಮಾತು ಬಂತು.

"ಈ ಚಕ್ರದ ಹಲ್ಲು ನೋಡಿ ಗೌಡ್ರೆ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಗೋಡೆ ತರ ನೆಟ್ಟಗೆ. ಗರಗಸದ ಹಲ್ಲು ಇರ್ತದಲ್ಲ, ಹಂಗೆ. ಇದರ ಮೇಲೆ ಕೂತಿರೋದು ಕೊಕ್ಕು." ಹಕ್ಕಿಯ ಕೊಕ್ಕಿನಂತೆ ಬಾಗಿದ, ಗೇಣುದ್ದದ ಕಬ್ಬಿಣದ ತುಂಡು. ಒಂದು ತುದಿಗೆ ಕೀಲು. ಇನ್ನೊಂದು ತುದಿ ಹಲ್ಲುಗಳ ಮೇಲೆ ಒರಗಿತ್ತು. "ಬಕೆಟ್ ಎತ್ತುವಾಗ ಕೊಕ್ಕು ಇಳಿಜಾರು ಹತ್ತಿ, ತುದಿ ದಾಟಿ, ಸಂದಿಗೆ ಬೀಳ್ತದೆ. ಟಿಕ್. ಮತ್ತೆ ಹತ್ತಿ, ಮತ್ತೆ ಬೀಳ್ತದೆ. ಟಿಕ್. ಈಗ ಚಕ್ರ ಹಿಂದಕ್ಕೆ ಬರಬೇಕು ಅಂದ್ರೆ?"

"ಅಂದ್ರೆ?"

"ನೆಟ್ಟಗಿರೋ ಗೋಡೆ ಬಂದು ಕೊಕ್ಕಿಗೆ ಒತ್ತಿ ನಿಲ್ತದೆ. ಭಾರ ಜಾಸ್ತಿ ಆದಷ್ಟೂ ಇನ್ನೂ ಗಟ್ಟಿ. ನಾವು ಕೈ ಬಿಟ್ಟು ಅಂಗೈ ಒರೆಸ್ಕೋಬಹುದು, ಬಕೆಟ್ ಅಲ್ಲೇ ಇರ್ತದೆ. ಇಳಿಸ್ಬೇಕಾದ್ರೆ ಕೊಕ್ಕನ್ನ ಕೈಯಲ್ಲಿ ಎತ್ತಿ ಹಿಂದಕ್ಕೆ ಮಗುಚ್ಬೇಕು. ಖಾಲಿ ಬಕೆಟ್ ತಾನೆ, ಇಳಿಸೋದು ಕಷ್ಟ ಇಲ್ಲ."

"ಅಂದ್ರೆ ಮುಂದಕ್ಕೆ ಬಿಡೋದು, ಹಿಂದಕ್ಕೆ ಬಿಡದಿರೋದು," ಎಂದರು ಪದ್ಮಪ್ಪ, ತಾವೇ ಕಂಡುಹಿಡಿದವರಂತೆ.

"ನಿಮ್ಮ ಜೀಪಿನ ಹ್ಯಾಂಡ್‌ಬ್ರೇಕ್ ಕೂಡ ಇದೇ. ಎಳೆದಾಗ ಕರ್ರ್ ಅಂತದಲ್ಲ?"

ಪದ್ಮಪ್ಪನವರಿಗೆ ಸಣ್ಣ ಆಘಾತವಾಯಿತು. ಇಪ್ಪತ್ತೆರಡು ವರ್ಷದಿಂದ ಇಳಿಜಾರಿನಲ್ಲಿ ಜೀಪು ನಿಲ್ಲುತ್ತಿರುವುದು ತಾವು ಬ್ರೇಕನ್ನು ಎಳೆಯುವ ಗತ್ತಿನಿಂದ ಎಂದು ಅವರು ತಿಳಿದಿದ್ದರು.

ಆಕೆ ಇದನ್ನು ಕಲಿತ ಬಗೆಯನ್ನು ದಿವಾಕರನ್ ಹೇಳಿದ. ಹನ್ನೊಂದು ವರ್ಷದ ಹಿಂದೆ ಅವರದು ಮರದ ರಾಟೆ. ಹಲ್ಲೂ ಇಲ್ಲ, ಕೊಕ್ಕೂ ಇಲ್ಲ. ಒಂದು ದಿನ ಕಾರ್ತ್ಯಾಯನಿಯ ಒದ್ದೆ ಕೈಯಿಂದ ಹಿಡಿ ಜಾರಿತು. ಕೆಸರು ತುಂಬಿದ ಬಕೆಟ್ಟು ಕೆಳಗೆ ಬಂತು. ತಲೆಗೆ ಬೀಳಬೇಕಾದ್ದು ಅವನ ಹೆಗಲಿಗೆ ಬಿತ್ತು. ಹೆಗಲಿನ ಮೂಳೆ ಮುರಿದು ಆರು ತಿಂಗಳು ಮನೆ. ಇವತ್ತಿಗೂ ಎಡಗೈ ಕಿವಿಗಿಂತ ಮೇಲೆ ಏಳುವುದಿಲ್ಲ.

"ನನ್ನ ಆಸ್ಪತ್ರೆಗೆ ಕರ್ಕೊಂಡು ಬತ್ತೇರಿಗೆ ಬಂದಿದ್ಳು ಗೌಡ್ರೆ. ವಾಪಸ್ ಹೋಗುವಾಗ ಅಲ್ಲೊಂದು ಲಾರಿ. ಕ್ಲೀನರ್ ಮೂಟೆ ಮೇಲೆ ಬೆಲ್ಟ್ ಹಾಕಿ, ಸಣ್ಣ ಹಿಡಿಯಲ್ಲಿ ಟಕ ಟಕ ಅಂತ ಬಿಗಿದು, ಹಿಡೀನ ಹಂಗೇ ಬಿಟ್ಟು ಚಾಯ ಕುಡಿಯೋಕೆ ಹೋದ. ಇವಳು ಬೆಲ್ಟ್ ಸಡಿಲ ಆಗ್ತದೆ, ಆಗ್ತದೆ ಅಂತ ಕಾಯ್ತಾ ನಿಂತ್ಳು. ಆಗ್ಲೇ ಇಲ್ಲ. ಎರಡು ಬಸ್ ಹೋಯ್ತು. ನಾನು ಕೈಗೆ ಪಟ್ಟಿ ಕಟ್ಕೊಂಡು ಬಿಸಿಲಲ್ಲಿ. ಗಂಡನ ಮುಖ ಒಂದ್ಸಲಾನೂ ಹಂಗೆ ನೋಡಿಲ್ಲ ಇವಳು."

"ನಿನ್ನ ಮುಖದಲ್ಲಿ ನೋಡೋಕೆ ಏನುಂಟು? ಅದು ಎರಡು ಕಡೆಗೂ ತಿರುಗ್ತದೆ," ಎಂದಳು ಕಾರ್ತ್ಯಾಯನಿ.

ಆಮೇಲೆ ಆಕೆ ಗುಜರಿ ಅಂಗಡಿಗಳನ್ನು ಹುಡುಕಿ, ಮರದ ದಿಮ್ಮಿ ಎಳೆಯುತ್ತಿದ್ದ ಯಾವುದೋ ಹಳೆಯ ಯಂತ್ರದ ಹಲ್ಲುಚಕ್ರ ತಂದಳು. ಬತ್ತೇರಿಯ ಲೇತ್ ಕೆಲಸದ ಜಯನ್ ಕೊಕ್ಕು ಕಡೆದುಕೊಟ್ಟ. ಸ್ಪ್ರಿಂಗ್ ಹಾಕುತ್ತೇನೆ ಎಂದವನಿಗೆ ಬೇಡ ಎಂದಳು. ಸ್ಪ್ರಿಂಗ್ ಯಾವತ್ತು ಮುರಿಯುತ್ತದೆಂದು ಯಾರು ಕಂಡರು? ಕೊಕ್ಕು ತನ್ನ ಭಾರಕ್ಕೆ ತಾನೇ ಬೀಳಲಿ.

ಪದ್ಮಪ್ಪ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು. ಸಂಜೆ ಸುಶೀಲರಿಗೆ ಚಪಾತಿಯ ಅಂಚನ್ನು ಹಲ್ಲು ಹಲ್ಲಾಗಿ ಹರಿದು ಪಾಠ ಮಾಡಿದರು. ಹಲ್ಲು ತಿಳಿದಿತ್ತು, ಕೊಕ್ಕು ತಿಳಿದಿತ್ತು. ಆದರೆ ಆ ಶಬ್ದ ಮಾತ್ರ ಅವರಿಗೆ ಒಂದು ಲೋಪದಂತೆ ಕಂಡಿತು. ಇಷ್ಟು ಚೆಂದದ ಯಂತ್ರ ದಿನವಿಡೀ ಕಟಕಟ ಹಲ್ಲು ಕಡಿಯುವುದೆಂದರೆ ಏನು? ಎಣ್ಣೆ ಕಾಣದೆ ಒಣಗಿದೆ, ಪಾಪ.

ಮರುದಿನ ಬೆಳಿಗ್ಗೆ ಆರೂವರೆಗೆ ಪದ್ಮಪ್ಪ ಮಫ್ಲರ್ ಸುತ್ತಿಕೊಂಡು, ಜೀಪಿನ ಗ್ರೀಸ್ ಡಬ್ಬಿಯೊಂದಿಗೆ ಬಾವಿಕಟ್ಟೆಗೆ ಬಂದರು. ರಾಟೆ ಅಲ್ಲೇ ಇತ್ತು.

"ರೀ, ಅದು ನಮ್ಮ ಮಷೀನಲ್ಲ. ಕೇಳಿ ಹಚ್ಚಿ," ಎಂದರು ಸುಶೀಲ ಜಗಲಿಯಿಂದ.

"ಉಪಕಾರ ಮಾಡೋಕೂ ಅಪ್ಪಣೆ ಕೇಳ್ಬೇಕಾ?"

"ಹೋದ ವರ್ಷ ಗೋಡೆ ಗಡಿಯಾರಕ್ಕೂ ಉಪಕಾರ ಮಾಡಿದ್ರಿ. ನಾಲ್ಕೂ ಹತ್ತರಲ್ಲೇ ಕೂತಿದೆ."

ಪದ್ಮಪ್ಪ ಡಬ್ಬಿಯ ಮುಚ್ಚಳ ತೆಗೆದರು. ಹಲ್ಲುಗಳ ಸಂದಿಗೆ ಗ್ರೀಸು ತುಂಬಿದರು. ಕೊಕ್ಕಿನ ಕೀಲನ್ನು ಅತ್ತಿತ್ತ ಆಡಿಸಿ ಒಳಕ್ಕೆ ತುಂಬಿದರು. ಕೆಲಸ ಅಚ್ಚುಕಟ್ಟಾಗಿರಲೆಂದು ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದರು. ಕೆಸರು ಮೆತ್ತಿ ಮೊದಲೇ ಕಪ್ಪಾಗಿದ್ದ ಚಕ್ರದಲ್ಲಿ ಏನೂ ಗೊತ್ತಾಗುವಂತಿರಲಿಲ್ಲ.

ಎಂಟಕ್ಕೆ ಮೂವರೂ ಬಂದರು. ಕಾರ್ತ್ಯಾಯನಿ ದಿನವೂ ಮಾಡುವಂತೆ ಕೊಕ್ಕನ್ನು ಎತ್ತಿ ಬಿಟ್ಟು ನೋಡಿದಳು. ಪೂರಾ ಎತ್ತಿ ಬಿಟ್ಟದ್ದರಿಂದ ಬಿತ್ತು. ದಿವಾಕರನ್ ಏಣಿಯಿಂದ ಕೆಳಗಿಳಿದ. ಕೊಕ್ಕು ಮಗುಚಿ ಖಾಲಿ ಬಕೆಟ್ಟು ಇಳಿಸಿದರು. ಇಳಿಯುವಾಗ ಹೇಗೂ ಶಬ್ದವಿಲ್ಲ. ಕೆಳಗಿನಿಂದ "ಎಳೀರಿ" ಎಂದು ದನಿ ಬಂತು. ಕೊಕ್ಕು ಮುಂದಕ್ಕೆ ಹಾಕಿ ಇಬ್ಬರೂ ಹಿಡಿ ತಿರುಗಿಸಿದರು. ಟಿಕ್. ಟಿಕ್. ಕೆಲವು ಸುತ್ತಿನವರೆಗೆ ಹಾಗೇ ನಡೆಯಿತು. ಆಮೇಲೆ ಮೆತ್ತಗೆ ಇನ್ನೊಂದು. ಅದಾದ ಮೇಲೆ ಇಲ್ಲ.

ಪದ್ಮಪ್ಪ ಕುರ್ಚಿಯಲ್ಲಿ ಹಿಗ್ಗಿ, ಮೆಚ್ಚುಗೆಗೆ ಕಾದರು. ಬಕೆಟ್ಟು ಹದಿನೈದಡಿ ಮೇಲೆ ಬಂದಿತ್ತು. ಲತಿಕ ಅಭ್ಯಾಸದಂತೆ ಅಂಗೈ ಒರೆಸಿಕೊಳ್ಳಲು ಬೆರಳು ಸಡಿಲಿಸುವುದರಲ್ಲಿದ್ದಳು.

"ಲತಿಕಾ, ಕೈ ಬಿಡಬೇಡ!"

ಆ ದನಿಗೆ ಪದ್ಮಪ್ಪ ಕುರ್ಚಿಯಿಂದ ಎದ್ದು ನಿಂತರು. ಕೊಕ್ಕು ಹಲ್ಲುಗಳ ಮೇಲೆ ತೇಲಿದಂತೆ ಎತ್ತಿಕೊಂಡೇ ನಿಂತಿತ್ತು. ತಂಪಿಗೆ ಗಟ್ಟಿಯಾದ ಗ್ರೀಸು ಅದನ್ನು ಬೀಳಗೊಡುತ್ತಿರಲಿಲ್ಲ. ನಲವತ್ತು ಕಿಲೋ ಕೆಸರು ನಾಲ್ಕು ಕೈಗಳ ಬಲದ ಮೇಲೆ ನಿಂತಿತ್ತು. ಅದರ ನೇರ ಕೆಳಗೆ, ಎಡಗೈ ಏಳದ ದಿವಾಕರನ್.

"ಅತ್ತಿಗೆ, ಇಳಿಸೋಣ್ವಾ?" ಎಂದಳು ಲತಿಕ.

"ಬೇಡ. ಇಳಿಸಿದ್ರೆ ಅವನ ತಲೆ ಮೇಲೇ ಹೋಗ್ತದೆ, ತಡೆಯೋದು ಏನಿಲ್ಲ. ಏರಿಸಿದ್ರೆ ಹಲ್ಲಿಗೊಂದು ಆಸರೆ." ಬಾವಿಗೆ ಬಗ್ಗಿ ಕೂಗಿದಳು: "ಗೋಡೆಗೆ ಒತ್ತಿ ನಿಂತ್ಕೋ! ಅಲುಗಾಡ್ಬೇಡ!" ಆಮೇಲೆ ತಿರುಗಿ ನೋಡದೆ, "ಗೌಡ್ರೆ, ಅಲ್ಲಿ ಕಾಫಿ ಗಿಡದ ಕಡ್ಡಿ ಬಿದ್ದಿದೆ. ಅದರಲ್ಲಿ ಕೊಕ್ಕನ್ನ ಸಂದಿಗೆ ಒತ್ತಿ. ಬೆರಳು ಹಾಕ್ಬೇಡಿ."

ಪದ್ಮಪ್ಪ ಕಡ್ಡಿ ಹಿಡಿದು ಒತ್ತಿದರು. ಕೊಕ್ಕು ಕುಳಿತಿತು.

"ಕೂತ್ರೆ ಬಾಯಲ್ಲಿ ಹೇಳಿ. ಕೂರದಿದ್ರೆ ಹೇಳ್ಬೇಡಿ."

"ಏನಂತ ಹೇಳ್ಲಿ?"

"ಏನಾದ್ರೂ ಹೇಳಿ!"

"ಟಿಕ್," ಎಂದರು ಪದ್ಮಪ್ಪ.

ಆಕೆ ಒಂದು ಹಲ್ಲು ತಿರುಗಿಸಿದಳು. ಅವರು ಒತ್ತಿದರು. "ಟಿಕ್." ಇನ್ನೊಂದು ಹಲ್ಲು. "ಟಿಕ್." ಚಕ್ರದಲ್ಲಿ ಇಪ್ಪತ್ತನಾಲ್ಕು ಹಲ್ಲು; ಒಂದು ಪೂರ್ತಿ ಸುತ್ತಿಗೆ ಇಪ್ಪತ್ತನಾಲ್ಕು ಸಲ. ಎರಡು ಸಂಘಗಳ ಅಧ್ಯಕ್ಷರು ಮಫ್ಲರ್ ಜಾರಿ ಕೆಸರಿಗೆ ಬಿದ್ದದ್ದೂ ತಿಳಿಯದೆ, ಮೊಣಕಾಲೂರಿ, ಕಣ್ಣು ಮಿಟುಕಿಸದೆ ಟಿಕ್ ಟಿಕ್ ಎನ್ನುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಒಮ್ಮೆ ಕಡ್ಡಿ ಜಾರಿತು. ಬಾಯಿಗೆ ಬಂದ ಟಿಕ್ ಅನ್ನು ಅವರು ನುಂಗಿಕೊಂಡರು. ಹಿಡಿ ಹಿಡಿದ ಇಬ್ಬರೂ ಹಾಗೇ ನಿಂತರು. ಮತ್ತೆ ಒತ್ತಿದರು, ಕುಳಿತಿತು, ಆಗ ಹೇಳಿದರು. ಆ ಒಂದು ಗಳಿಗೆಯಲ್ಲಿ ಅವರಿಗೆ ತಿಳಿಯಿತು. ಅದು ಯಂತ್ರ ನರಳುವ ಸದ್ದಲ್ಲ. ಕೊಕ್ಕು ಬಿದ್ದಿದೆ, ಈಗ ಹಿಂದಕ್ಕೆ ಬರಲಾರೆ ಎಂದು ಪ್ರತಿ ಹಲ್ಲೂ ಕೊಡುವ ವರದಿ. ಅವರು ಬೆಳಿಗ್ಗೆ ಎದ್ದು ಆ ವರದಿಯ ಬಾಯಿಗೆ ಗ್ರೀಸು ತುಂಬಿದ್ದರು.

ಕೆಳಗಿನಿಂದ ದಿವಾಕರನ ದನಿ ಬಂತು: "ಏನು ಕಾರ್ತ್ಯಾ, ಮಷೀನಿಗೆ ಗೌಡ್ರ ಸ್ವರ ಬಂದಿದೆ?"

"ನೀನು ಬಾಯಿ ಮುಚ್ಕೊಂಡು ಗೋಡೆಗೆ ನಿಲ್ಲು!"

ಬಕೆಟ್ಟು ಕಟ್ಟೆಗೆ ಬಂದು ನೆಲ ಮುಟ್ಟಿದಾಗ ಲತಿಕ ಕೊನೆಗೂ ಅಂಗೈ ಒರೆಸಿಕೊಂಡಳು. ಕಾರ್ತ್ಯಾಯನಿ ಕೊಕ್ಕಿನ ಕೀಲಿಗೆ ಬೆರಳು ಹಾಕಿ, ತೆಗೆದು, ಬೆರಳ ತುದಿಯ ಹಳದಿ ಗ್ರೀಸನ್ನು ನೋಡಿದಳು. ಆಮೇಲೆ ಪದ್ಮಪ್ಪನವರ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಅದೇ ಬಣ್ಣ. ಬೈಯುತ್ತಾಳೆಂದು ಅವರು ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಸೀಮೆಎಣ್ಣೆ ಉಂಟಾ?" ಎಂದಳು ಆಕೆ.

ಸೀಮೆಎಣ್ಣೆ, ಹಳೆ ಬನಿಯನ್ನು ಎರಡನ್ನೂ ತಂದುಕೊಟ್ಟವರು ಸುಶೀಲ. ಗಂಡನ ಕಡೆ ನೋಡಲೂ ಇಲ್ಲ. ದಿವಾಕರನ್ ಏಣಿಯಿಂದ ಮೇಲೆ ಬಂದು ಕಡಲೆ ಗಾತ್ರದ ಬೆವರು ಒರೆಸಿಕೊಂಡು ಕುಳಿತ. ಕೀಲು ಬಿಚ್ಚಿ, ಒಂದೊಂದೇ ಹಲ್ಲು ಉಜ್ಜಿ, ಕೊಕ್ಕು ಸಲೀಸಾಗಿ ಬೀಳುವಂತಾಗಲು ಎರಡು ಗಂಟೆ ಹಿಡಿಯಿತು. ಕೊನೆಗೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟಳು. ಬಕೆಟ್ಟಿನಲ್ಲಿ ಕಲ್ಲು ತುಂಬಿ ಮೂರು ಸಲ ಇಳಿಸಿ, ಏರಿಸಿ ನೋಡಿದ ಮೇಲೆಯೇ ಗಂಡನನ್ನು ಒಳಗೆ ಬಿಟ್ಟಳು. ಟಿಕ್ ಟಿಕ್ ಮತ್ತೆ ಶುರುವಾದಾಗ ಪದ್ಮಪ್ಪ ಕುರ್ಚಿಯನ್ನು ನಾಲ್ಕು ಮಾರು ದೂರಕ್ಕೆ ಎಳೆದುಕೊಂಡು, ಊಟದ ಹೊತ್ತಿನವರೆಗೂ ಒಂದು ಮಾತೂ ಆಡದೆ ಕುಳಿತರು. ಮನೆಯವರ ನೆನಪಿನಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ.

ಆದರೆ ಊಟವಾಯಿತು, ಒಂದು ನಿದ್ದೆಯೂ ಆಯಿತು. ನಿದ್ದೆಯಿಂದ ಎದ್ದಾಗ ಬೆಳಗಿನ ಘಟನೆ ಸ್ವಲ್ಪ ಬೇರೆ ಕಡೆಯಿಂದ ಕಾಣಿಸತೊಡಗಿತು. ಗ್ರೀಸಿನ ಭಾಗ ಮಸುಕಾಯಿತು. ಕಾಫಿ ಕಡ್ಡಿಯ ಭಾಗ ಬೆಳಗಿತು. ಸಕಾಲಕ್ಕೆ ಕೊಕ್ಕು ಒತ್ತಿದವರು ಯಾರು? ಎಷ್ಟು ಸುತ್ತು, ಎಷ್ಟು ಹಲ್ಲು! ಸಂಘದ ಮುಂದಿನ ಸಭೆಯಲ್ಲಿ ಇದನ್ನು ಹೇಗೆ ಶುರು ಮಾಡಬೇಕೆಂಬುದನ್ನೂ ಅವರು ಯೋಚಿಸಿಯಾಗಿತ್ತು.

ಸಂಜೆ ಐದಕ್ಕೆ ದಿವಾಕರನ್ ಮೇಲೆ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದ. ಕಾರ್ತ್ಯಾಯನಿ ಕೆಸರಿನ ರಾಶಿಯನ್ನು ಅಳತೆಗಣ್ಣಿನಿಂದ ನೋಡುತ್ತ ನಿಂತಿದ್ದಳು. ಪದ್ಮಪ್ಪ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಅಲ್ಲ ಕಾರ್ತ್ಯಾಯನಿ, ಇವತ್ತು ನಾನು ಇಲ್ಲಿ ಇಲ್ದೇ ಇದ್ದಿದ್ರೆ ಏನಾಗ್ತಿತ್ತು?"

"ಇನ್ನೊಂದು ಇಪ್ಪತ್ತು ಬಕೆಟ್ ಕೆಸರು ಬರ್ತಿತ್ತು," ಎಂದಳು ಕಾರ್ತ್ಯಾಯನಿ.