ಕೆಂಪಿದ್ದಾಗ ಮುಟ್ಟಬ್ಯಾಡ

ನಮ್ಮವ್ವ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುತ್ತಿದ್ದಳು. ಇದರಲ್ಲಿ ಹೊಸದೇನಿಲ್ಲ. ಆಳಂದದಲ್ಲಿ ಯಾರ ಮನೆಗೆ ಹೋದರೂ ಹೆಂಗಸರು ಹಾಗೇ ತಿರುವುತ್ತಾರೆ. ಆದರೆ ಉಳಿದವರು ತಿರುವಿದ ಮೇಲೆ ಬೆರಳು ಝಾಡಿಸುತ್ತಾರೆ, ಉಫ್ ಎನ್ನುತ್ತಾರೆ, ಪಕ್ಕದ ಬಟ್ಟಲಿನ ನೀರಿಗೆ ಬೆರಳು ಅದ್ದುತ್ತಾರೆ. ನಮ್ಮವ್ವ ಏನೂ ಮಾಡುತ್ತಿರಲಿಲ್ಲ. ಉಬ್ಬಿದ ರೊಟ್ಟಿಯನ್ನು ಅಂಗೈಯಿಂದ ಒತ್ತಿ, ಮಾತಾಡುತ್ತಲೇ ಮುಂದಿನ ಹಿಟ್ಟಿಗೆ ಕೈ ಹಾಕುತ್ತಿದ್ದಳು. "ನಮ್ಮವ್ವನ ಕೈ ಕಬ್ಬಿಣದ್ದು" ಎಂದು ನಾನು ಪಾಠ ಮಾಡುವ ಶಾಲೆಯಲ್ಲಿ ಉಳಿದ ಟೀಚರುಗಳಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸಕ್ಕರೆ ಕಾಯಿಲೆ ಇರುವ ಮುದುಕಿಯ ಬೆರಳಿಗೆ ಬಿಸಿ ಯಾಕೆ ತಾಗುತ್ತಿಲ್ಲ ಎಂದು ಒಮ್ಮೆಯಾದರೂ ಕೇಳಬೇಕಿತ್ತು. ಕೇಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತನ್ನು ನನ್ನಂಥವರಿಗಾಗಿಯೇ ಮಾಡಿದ್ದಾರೆ.

ಕರೆಂಟ್ ಒಲೆಯನ್ನು ಮನೆಗೆ ತಂದವಳೂ ನಾನೇ. ಮನೆಯಲ್ಲಿ ಇರುವುದು ನಾವಿಬ್ಬರು. ಅಪ್ಪ ತೀರಿ ಬಹಳ ವರ್ಷವಾಯಿತು, ನಾನು ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ನಾನು ಶಾಲೆಗೆ ಹೋದ ಮೇಲೆ ಅವ್ವ ಒಬ್ಬಳೇ. ಎರಡು ಸಲ ಗ್ಯಾಸಿನ ಬಟನ್ ತಿರುವಿ, ಕಡ್ಡಿ ಗೀರುವುದನ್ನು ಮರೆತು ಅಂಗಳಕ್ಕೆ ಹೋಗಿದ್ದಳು. ಎರಡನೆಯ ಸಲ ಪಕ್ಕದ ಮನೆಯವರು ವಾಸನೆ ಹಿಡಿದು ಓಡಿ ಬಂದರು. ಅಂದು ಸಂಜೆ ನಾನು, ಇನ್ನು ಅಡುಗೆ ನನಗೆ ಬಿಡು ಎಂದೆ.

"ಅಡಿಗಿ ಬಿಟ್ಟು ನಾ ಏನ್ ಮಾಡ್ಲಿ ಬೇ? ಗ್ವಾಡಿ ನೋಡ್ಕೋತ ಕೂಡ್ಲೇನು?" ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾಡಿಟ್ಟ ಅನ್ನವನ್ನೂ ಸರಿಯಾಗಿ ಉಣ್ಣಲಿಲ್ಲ. ಅವಳಿಗೆ ಒಲೆ ಬೇಕು, ನನಗೆ ಅವಳು ಬೇಕು. ಹೀಗಾಗಿ ಕರೆಂಟ್ ಒಲೆ ಬಂತು.

ಭೂಸನೂರಿನಲ್ಲಿದ್ದ ಒಂದು ಎಂಜಿನಿಯರ್ ಕುಟುಂಬ ಊರು ಬಿಡುವಾಗ ಅದನ್ನು ಮಾರಿತು. ಮೇಲೆ ಕಾದರೆ ಕೆಂಪಾಗುವ ನಾಲ್ಕು ಕಬ್ಬಿಣದ ಸುರುಳಿ, ಕೆಳಗೆ ಬಾಗಿಲಿರುವ ಓವನ್, ಎದುರಿಗೆ ಸಾಲಾಗಿ ಬಟನ್. ನಮ್ಮ ಅಡುಗೆಮನೆಗೆ ಅದು ಆನೆಯಷ್ಟು ದೊಡ್ಡದು. ವೈರಿಂಗ್ ಮಾಡಲು ಖಜೂರಿಯಿಂದ ಬಂದ ಮಿಸ್ತ್ರಿ ಅದರ ಸುತ್ತ ಎರಡು ಸುತ್ತು ಹಾಕಿದ.

"ಇದಕ್ಕ ಸಾದಾ ಪ್ಲಗ್ ನಡಿಯಂಗಿಲ್ರಿ ಟೀಚರ್. ಮೀಟರಿನಿಂದ ಬ್ಯಾರೆ ದಪ್ಪ ವೈರ್ ಎಳಿತೇನಿ, ಬ್ಯಾರೆ ಸ್ವಿಚ್ ಕೂಡಸ್ತೇನಿ. ಅರ್ಥಿಂಗೂ ಬ್ಯಾರೆ ಬೇಕ್ರಿ" ಎಂದ. ಹಿತ್ತಲಲ್ಲಿ ತಗ್ಗು ತೋಡಿ, ಉಪ್ಪು ಇದ್ದಲಿ ತುಂಬಿ, ಪೈಪ್ ನೆಟ್ಟ. "ಬ್ಯಾಸಿಗ್ಯಾಗ ದಿನಾ ಇದಕ್ಕ ನೀರು ಹಾಕ್ರಿ. ಮಣ್ಣು ಒಣಗಿತಂದ್ರ ಅರ್ಥಿಂಗ್ ಇದ್ದೂ ಇಲ್ಲದಂಗ" ಎಂದು ಹೇಳಿ ಹೋದ.

ಈ ಮಾತು ಅವ್ವನಿಗೆ ಬಹಳ ಹಿಡಿಸಿತು. ಬೇಸಿಗೆ ಮಳೆಗಾಲ ಎನ್ನದೆ ದಿನಾ ಸ್ನಾನ ಮಾಡಿ ತುಳಸಿಗೆ ಒಂದು ತಂಬಿಗೆ, ಅರ್ಥಿಂಗ್ ತಗ್ಗಿಗೆ ಒಂದು ತಂಬಿಗೆ. ಧೋ ಎಂದು ಮಳೆ ಸುರಿಯುವಾಗಲೂ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಹೋಗಿ ನೀರು ಹಾಕಿ ಬಂದಿದ್ದಾಳೆ. ಬೈದರೆ, "ಒಲಿಗೂ ನೀರಡಿಕಿ ಆಗ್ತದ ಬೇ" ಎನ್ನುತ್ತಿದ್ದಳು.

ನಾನು ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಓದಲು ಬಾರದವಳ ಅಡುಗೆಮನೆಯಲ್ಲಿ ಚಾರ್ಟ್! ಮಾಸ್ತರಿಕೆ ಒಂದು ಚಟ. ಅದಕ್ಕೇ ವಾರವಿಡೀ ಸಂಜೆ ಹೊತ್ತು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಒದ್ದೆ ಕೈಯಲ್ಲಿ ಬಟನ್ ಮುಟ್ಟಬಾರದು. ಕರೆಂಟ್ ಹೋದರೆ ಬಟನ್ ಬಂದ್ ಮಾಡಬೇಕು, ಇಲ್ಲದಿದ್ದರೆ ಕರೆಂಟ್ ಬಂದಾಗ ಒಲೆ ತಾನೇ ಹೊತ್ತಿಕೊಳ್ಳುತ್ತದೆ. ಹಾಲು ಉಕ್ಕಿದರೆ ಕಾದ ಸುರುಳಿಗೆ ತಣ್ಣೀರು ಬಟ್ಟೆ ಹಚ್ಚಬಾರದು. ಒರೆಸುವ ಮೊದಲು ಗೋಡೆಯ ಸ್ವಿಚ್ ತೆಗೆಯಬೇಕು. ಅವ್ವ ತಲೆಯಾಡಿಸುತ್ತಾ ಕೇಳಿದಳು, ಎಲ್ಲವನ್ನೂ ಪಾಲಿಸಿದಳು. ತಳ ಗುಂಡಗಿದ್ದ ಹಳೆಯ ಹಂಚು ಸುರುಳಿಯ ಮೇಲೆ ಓಲಾಡುತ್ತದೆಂದು ಅದನ್ನು ತಾನೇ ಅಟ್ಟಕ್ಕೆ ಹಾಕಿ, ಸಪಾಟು ತಳದ ಹಂಚು ತರಿಸಿಕೊಂಡಳು. ತಪ್ಪಿದ್ದು ಒಂದೇ ಸಲ. ಒಂದು ದಿನ ಓವನ್ನಿನ ಬಾಗಿಲು ತೆರೆದು ನೋಡಿದರೆ, ಒಳಗೆ ಬಿಳಿ ಅರಿವೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯ ಕಟ್ಟು. ಇರುವೆ ಹತ್ತುವುದಿಲ್ಲ, ಇಲಿ ಬರುವುದಿಲ್ಲ, ಇಂಥ ಕಪಾಟು ಎಲ್ಲಿ ಸಿಗುತ್ತದೆ ಎಂದು ವಾದಿಸಿದಳು. ಯಾರಾದರೂ ತಿಳಿಯದೆ ಬಟನ್ ತಿರುವಿದರೆ ಅರಿವೆ ರೊಟ್ಟಿ ಎಲ್ಲ ಉರಿಯುತ್ತವೆ ಎಂದು ಹೇಳಿದ ಮೇಲೆ, ಮುಖ ಸಣ್ಣ ಮಾಡಿಕೊಂಡು ಡಬ್ಬಿಗೆ ಸಾಗಿಸಿದಳು.

ಚಾರ್ಟಿನ ಕೊನೆಯ ಸಾಲನ್ನು ನಾನು ಅವಳದೇ ಮಾತಿನಲ್ಲಿ ಹೇಳಿದ್ದೆ. "ಕೆಂಪಿದ್ದಾಗ ಮುಟ್ಟಬ್ಯಾಡ ಯವ್ವಾ."

"ಕೆಂಪ್ ಹೋದ ಮ್ಯಾಲ?" ಎಂದು ಕೇಳಿದಳು.

ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. "ಕೆಂಪ್ ಹೋದ ಮ್ಯಾಲ ಏನದ, ಆರಿತು" ಎಂದೆ.

ಅಷ್ಟೇ. ಇಷ್ಟು ವರ್ಷದ ಪಾಠದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದು. ಆಗ ಅದು ಸುಳ್ಳೆಂದು ನನಗೆ ಅನಿಸಲೂ ಇಲ್ಲ.

ನಮ್ಮ ಕಡೆ ಒಲೆಗೆ ದಿನಾ ವಿಭೂತಿ ಹಚ್ಚುತ್ತಾರೆ. ಮಣ್ಣಿನ ಒಲೆಯಿದ್ದಾಗ ಅವ್ವ ಬೆಳಿಗ್ಗೆ ಬೂದಿ ತೆಗೆದು, ಸಾರಿಸಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಅಂಗೈಯನ್ನು ಒಲೆಯ ಮೇಲಿಟ್ಟು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಆಮೇಲೇ ಬೆಂಕಿ. ಗ್ಯಾಸ್ ಬಂದಾಗ ಗ್ಯಾಸಿಗೂ ಅದೇ ಆಯಿತು. ಕರೆಂಟ್ ಒಲೆಯಲ್ಲಿ ಎಲ್ಲಿ ಹಚ್ಚುವುದೆಂದು ಒಂದು ದಿನ ಯೋಚಿಸಿ, ಎದುರಿನ ಎಡಗಡೆಯ ಸುರುಳಿಯನ್ನೇ ಆರಿಸಿದಳು. ಬೆಂಕಿ ಇರುವುದು ಅಲ್ಲೇ ತಾನೆ. ದಿನಾ ಬೆಳಿಗ್ಗೆ ಒಲೆ ತಣ್ಣಗಿರುತ್ತಿತ್ತು, ಹೀಗಾಗಿ ನನಗೂ ಚಿಂತೆ ಇರಲಿಲ್ಲ. ಎಳ್ಳಮಾವಾಸ್ಯೆಯ ದಿನ ಮಾತ್ರ ಅವಳ ಕ್ರಮ ಬೇರೆ. ಅಂದು ಅಡುಗೆ ಮುಗಿದ ಮೇಲೆ, ಹೊಲದ ಪೂಜೆಗೆ ಅಡುಗೆಯ ಬುಟ್ಟಿ ಎತ್ತುವ ಮೊದಲು ಇನ್ನೊಂದು ಸಲ ಒಲೆಗೆ ಕೈ ಮುಗಿಯಬೇಕು. ಇಷ್ಟೆಲ್ಲ ಬೇಯಿಸಿ ಕೊಟ್ಟಿತಲ್ಲ ಎಂದು.

ಆ ಎಳ್ಳಮಾವಾಸ್ಯೆಗೆ ನಾವು ನಸುಕಿನಲ್ಲೇ ಎದ್ದೆವು. ಕಾಳು ತರಕಾರಿಯ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ. ನಾಲ್ಕೂ ಸುರುಳಿ ಉರಿದವು. ಸರಸಂಬಾದಲ್ಲಿರುವ ನಮ್ಮ ಹೊಲಕ್ಕೆ ಹೋಗಲು ಟಂಟಂ ಆಟೋ ಬಂದು ಹೊರಗೆ ನಿಂತಿತ್ತು. ಕೊನೆಯ ರೊಟ್ಟಿ ಇಳಿಸಿ ಅವ್ವ ಬಟನ್ ಬಂದ್ ಮಾಡಿದಳು, ಗೋಡೆಯ ಸ್ವಿಚ್ಚನ್ನೂ ತೆಗೆದಳು. ಚಾರ್ಟಿನ ಪ್ರಕಾರ ಎಲ್ಲ ಸರಿ. ನಾನು ಬೆನ್ನು ತಿರುಗಿಸಿ ಕುಳಿತು ಬುಟ್ಟಿ ತುಂಬುತ್ತಿದ್ದೆ.

ವಾಸನೆ ಬಂತು. ಹಂಚಿನ ಮೇಲೆ ರೊಟ್ಟಿ ಬಿಟ್ಟಿದ್ದಾಳೆ ಅಂದುಕೊಂಡೆ. "ಯವ್ವಾ, ರೊಟ್ಟಿ ಹೊತ್ತಾಕತ್ತೇದ ನೋಡು" ಎಂದೆ. ತಿರುಗಿ ನೋಡಿದೆ. ಅವ್ವ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಬಲ ಅಂಗೈ ಸುರುಳಿಯ ಮೇಲಿತ್ತು. ಸುರುಳಿ ಕಪ್ಪಗಿತ್ತು. ಅವಳ ತುಟಿ ಅಲ್ಲಾಡುತ್ತಿತ್ತು. ಮಳೆ ಬೆಳೆ ಕೇಳುತ್ತಿದ್ದಳು, ನನಗೆ ಆಯುಷ್ಯ ಕೇಳುತ್ತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ನೋವಿನ ಒಂದು ಗೆರೆಯೂ ಇರಲಿಲ್ಲ.

ಕೈ ಎಳೆದು ನಲ್ಲಿಯ ಕೆಳಗೆ ಹಿಡಿದೆ. ಏನಾಯಿತು, ಯಾಕೆ ಎಳೆಯುತ್ತೀ ಎಂದು ನನಗೇ ಬೈದಳು. ಆಮೇಲೆ ಅಂಗೈ ನೋಡಿಕೊಂಡಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಮ್ಮವ್ವನಿಗೆ ನಾನು ತೋರಿಸಬೇಕಾಯಿತು. ಸುರುಳಿಯ ಸುತ್ತುಗಳು ಅವಳ ಅಂಗೈಯಲ್ಲಿ ಮೂಡಿದ್ದವು. "ನೀನ ಹೇಳಿದ್ದಿಯಲ್ಲ, ಕೆಂಪ್ ಹೋದ ಮ್ಯಾಲ ಆರಿತಂತ" ಎಂದಳು. ದೂರುವ ದನಿಯಲ್ಲಿ ಅಲ್ಲ. ನಿಯಮ ಮುರಿದಿಲ್ಲ ಎಂದು ತಿಳಿಸುವ ದನಿಯಲ್ಲಿ.

ನನಗೆ ಆಗ ಏನೂ ಅನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ತೊಳೆದ ಅರಿವೆ ಸುತ್ತಿ, ಹೊಲಕ್ಕೆ ಹೋಗಬೇಕಿದ್ದ ಟಂಟಂನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬುಟ್ಟಿಯ ಅಡುಗೆ ಬುಟ್ಟಿಯಲ್ಲೇ ಉಳಿಯಿತು.

ಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ ಡಾಕ್ಟರು ಅವಳ ಎಡಗೈಯನ್ನೂ ನೋಡಿದರು. "ಕಣ್ಣು ಮುಚ್ಚಿಕೊಳ್ರಿ ಅಮ್ಮಾ. ಪಿನ್ನಿನಿಂದ ಚುಚ್ಚತೇನಿ, ಗೊತ್ತಾದ್ರ ಹೂಂ ಅನ್ರಿ" ಎಂದರು. ಅವ್ವ ಕಣ್ಣು ಮುಚ್ಚಿ, "ಹೂಂ, ಗೊತ್ತಾತ್ರಿ" ಎಂದಳು. ಪಿನ್ ಇನ್ನೂ ಡಾಕ್ಟರ ಕೈಯಲ್ಲಿತ್ತು, ಚುಚ್ಚಿರಲಿಲ್ಲ. ಚುಚ್ಚಿದಾಗ ಅವ್ವ ಸುಮ್ಮನಿದ್ದಳು. ಡಾಕ್ಟರು ನನ್ನ ಕಡೆ ನೋಡಿದರು. "ಎಷ್ಟ್ ದಿನದಿಂದ ಹಿಂಗದ್ರಿ?" ಎಂದರು. ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಕೇಳಿದೆ. ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದಳು. "ಎರಡು ವರ್ಷ ಆತು ಬೇ. ಜೋಮು ಹಿಡದಂಗ ಇರ್ತದ. ಹೇಳಿದ್ರ ನೀ ನನಗ ಒಲಿ ಮುಂದ ನಿಲ್ಲಾಕ ಬಿಡ್ತಿದ್ದಿಲ್ಲ."

ಹೌದು, ಬಿಡುತ್ತಿರಲಿಲ್ಲ.

ಮುಂದಿನ ಮೂರು ತಿಂಗಳು ಒಂದೇ ಥರ ಕಳೆದವು. ಬೆಳಿಗ್ಗೆ ಎದ್ದು ಕೈಗೆ ಬಂದದ್ದನ್ನು ಬೇಯಿಸುತ್ತಿದ್ದೆ, ಒಲೆಯ ಸ್ವಿಚ್ ತೆಗೆದು, ಅದರ ಪೆಟ್ಟಿಗೆಗೆ ಸಣ್ಣ ಬೀಗ ಹಾಕಿ ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದು ಪಟ್ಟಿ ಬಿಚ್ಚಿ, ಗಾಯ ತೊಳೆದು, ಮುಲಾಮು ಹಚ್ಚಿ, ಮತ್ತೆ ಕಟ್ಟುತ್ತಿದ್ದೆ. ಸತ್ತ ಚರ್ಮ ಎಳೆದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನೂ ಪಾತ್ರೆ ತಿಕ್ಕುವವಳ ಹಾಗೆ ಮಾಡಿ ಮುಗಿಸುತ್ತಿದ್ದೆ. ಎಂಟನೆಯ ತರಗತಿಗೆ ಉಷ್ಣದ ಪಾಠ ಬಂತು. ಕಬ್ಬಿಣ ಕೆಂಪಾಗುವ ಮೊದಲೂ ಸುಡುತ್ತದೆ, ಕೆಂಪು ಹೋದ ಮೇಲೂ ಸುಡುತ್ತದೆ ಎಂದು ಹೇಳಿ, ಮಕ್ಕಳಿಂದ ಹತ್ತು ಸಲ ಬರೆಸಿದೆ. ಯಾಕೆ ಬರೆಸುತ್ತಿದ್ದೇನೆಂದು ಅವರಿಗೆ ಗೊತ್ತಾಗಲಿಲ್ಲ. ಗಾಯ ಮಾಯಿತು. ಎರಡು ಬೆರಳು ಅರ್ಧ ಬಾಗಿದಂತೆಯೇ ಉಳಿದವು. ಅವ್ವ ಅಡುಗೆಮನೆಯ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕುಳಿತು ನನ್ನ ರೊಟ್ಟಿ ನೋಡುತ್ತಿದ್ದಳು. ನನ್ನ ರೊಟ್ಟಿ ಯಾವ ದೇಶದ ನಕ್ಷೆಯಂತಿದ್ದರೂ ಒಂದು ಚೇಷ್ಟೆಯ ಮಾತು ಆಡುತ್ತಿರಲಿಲ್ಲ. ಅವಳು ಮೆತ್ತಗಾಗುತ್ತಿದ್ದಳು, ಊಟ ಕಡಿಮೆಯಾಗುತ್ತಿತ್ತು. ಅದು ನನಗೆ ಕಾಣುತ್ತಿತ್ತು. ಕಂಡರೂ ಬೀಗ ತೆಗೆಯಲಿಲ್ಲ.

ಒಂದು ಭಾನುವಾರ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಅವ್ವ ಎಡಗೈಯಲ್ಲಿ ತಂಬಿಗೆ ಹಿಡಿದು ಅರ್ಥಿಂಗ್ ತಗ್ಗಿಗೆ ನೀರು ಹಾಕುತ್ತಿದ್ದಳು. ಮಣ್ಣು ಹಸಿಯಾಗಿತ್ತು. ಈ ಮೂರು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ ಎಂದು ಮಣ್ಣು ನೋಡಿದರೇ ತಿಳಿಯುತ್ತಿತ್ತು.

"ನಿನಗ ಒಲಿನೇ ಬಂದ್ ಮಾಡೇನಿ. ಇನ್ನಾ ಇದಕ್ಯಾಕ ನೀರು?" ಎಂದೆ.

"ಇವತ್ತಿಲ್ಲ ನಾಳಿ ನೀ ನನಗ ಹಚ್ಚಾಕ ಕೊಡ್ತಿಯಲ್ಲ. ಆಗ ಒಣಗಿರಬಾರದು" ಎಂದಳು.

ಮರುದಿನ ಬೆಳಿಗ್ಗೆ ಬೀಗ ತೆಗೆದೆ. ಕರಾರು ಹೇಳಿದೆ: ನಾನು ಮನೆಯಲ್ಲಿದ್ದಾಗ ಮಾತ್ರ ಅಡುಗೆ, ತಿರುವಲು ಚಮಚ, ಒಲೆ ಬಂದ್ ಮಾಡಿದ ಕೂಡಲೇ ನಾಲ್ಕೂ ಸುರುಳಿಯ ಮೇಲೆ ನೀರು ತುಂಬಿದ ಪಾತ್ರೆ ಇಡಬೇಕು, ಪಾತ್ರೆ ಇದ್ದಷ್ಟು ಹೊತ್ತು ಅಲ್ಲಿ ಕೈ ಹೋಗಬಾರದು, ಪಾತ್ರೆ ತೆಗೆಯುವವಳು ನಾನು. ಎಲ್ಲದಕ್ಕೂ ಹೂಂ ಎಂದಳು. ವಿಭೂತಿ ಗಟ್ಟಿ ತಂದಳು. ಬಾಗಿದ ಬೆರಳುಗಳಿಂದಲೇ ವಿಭೂತಿ ತೇಯ್ದು, ಒಲೆಯ ಹತ್ತಿರ ಕೈ ಒಯ್ದು, ಅರ್ಧಕ್ಕೇ ನಿಲ್ಲಿಸಿದಳು.

"ಆರ್ಯಾದೇನು?" ಎಂದು ಕೇಳಿದಳು. ತನ್ನ ಒಲೆ ಆರಿದೆಯೇ ಎಂದು ಅವ್ವ ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

"ತಡಿ" ಎಂದು ನಾನು ಸುರುಳಿಯ ಮೇಲೆ ಅಂಗೈ ಇಟ್ಟೆ. ರಾತ್ರಿಯಿಂದ ಉರಿಯದ ಕಬ್ಬಿಣ, ತಣ್ಣಗಿತ್ತು. "ಆರ್ಯಾದ ಯವ್ವಾ" ಎಂದೆ.

ನಾನು ಕೈ ತೆಗೆಯುವ ಮೊದಲೇ ಅವಳು ಕಣ್ಣು ಮುಚ್ಚಿ ಕೈ ಇಳಿಸಿದ್ದಳು. ಅವಳ ಅಂಗೈ ನನ್ನ ಮುಂಗೈಯ ಮೇಲೆ ಬಂತು. ವಿಭೂತಿಯ ಪುಡಿ, ಗಾಯದ ಗಟ್ಟಿ ಚರ್ಮ, ಅದರ ಕೆಳಗೆ ಸ್ವಲ್ಪ ಬಿಸಿ. ಅವಳ ತುಟಿಗಳು ಅಲ್ಲಾಡಿದವು. ಅದೇ ಮಳೆ, ಅದೇ ಬೆಳೆ, ಅದೇ ನನ್ನ ಆಯುಷ್ಯ. ಕೈ ತೆಗೆಯಲೂ ಆಗದೆ, ಹೇಳಲೂ ಆಗದೆ ನಿಂತೆ.

ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಕೈ ಒಲಿ ಮ್ಯಾಲೇ ಅದಲ್ಲ ಬೇ?"

"ಹೂಂ ಯವ್ವಾ. ಒಲಿ ಮ್ಯಾಲೇ ಅದ."

ಮೆಲ್ಲಗೆ ಒತ್ತಿದಳು. ಆಮೇಲೆ ತನ್ನ ಅಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮೂರು ತಿಂಗಳಿನಿಂದ ಬಾರದ ಅಳು ನನಗೆ ಆಗ ಬಂತು. ಅವ್ವ ಕಣ್ಣು ತೆರೆದು ನನ್ನ ಮುಖ ನೋಡಿದಳು.

"ಹೊಗಿ ಇಲ್ಲದ ಒಲಿ ಮುಂದ ನಿನಗ್ಯಾಕ ಕಣ್ಣಾಗ ನೀರು?" ಎಂದಳು. "ಹೋಗು, ಹಿಟ್ಟು ತಾ."

ನಾನು ಹಿಟ್ಟಿನ ಡಬ್ಬಿ ತರಲು ಹೋದೆ.